ಸ್ಟೆಂಟ್ ಹಾಕೋದು ಅಂದರೆ ಬ್ಲಾಕ್ ತೆಗೆಯೋದಲ್ಲ

‘ಕುತ್ತಿಗೆಯ ನರಕ್ಕೆ ಸ್ಟಂಟ್ ಹಾಕಿ ಬ್ಲಾಕ್ ತೆಗೆದರು, ಇನ್ನು ಚಿಂತೆ ಇಲ್ಲ.’ ಶಿರಸಿ ಪೇಟೆಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸ್ಟಂಟ್ ಮಾಡೋರು ಸಿನಿಮಾದವರು. ಇದು ಸ್ಟೆಂಟ್, ಕಿರಿದಾದ ನಾಳವನ್ನು ಅಗಲಿಸಿ ಹಿಡಿಯುವ ಲೋಹದ ಜಾಲರಿ ಕೊಳವೆ. ಹಾಕಿದ್ದು ನರಕ್ಕಲ್ಲ, ರಕ್ತನಾಳಕ್ಕೆ. ಬ್ಲಾಕನ್ನಂತೂ ಯಾರೂ ತೆಗೆದಿಲ್ಲ, ಗೋಡೆಗೆ ಒತ್ತಿ ಇಟ್ಟಿದ್ದಾರೆ ಅಷ್ಟೆ.

ಸ್ಟೆಂಟ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಸ್ಟೆಂಟ್, ಲಂಡನ್ನಿನ ಹಲ್ಲಿನ ಡಾಕ್ಟರು. 1850ರ ದಶಕದಲ್ಲಿ ಹಲ್ಲಿನ ಅಚ್ಚು ತೆಗೆಯಲು ಗಟ್ಟಾಪರ್ಚಾ ಎಂಬ ಮರದ ಅಂಟನ್ನು ಸುಧಾರಿಸಿ ಒಂದು ಮಿಶ್ರಣ ಮಾಡಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಡಚ್ ಸರ್ಜನ್ ಯೋಹಾನ್ಸ್ ಎಸ್ಸರ್ ಚರ್ಮ ಕಸಿ ಮಾಡುವಾಗ, ಹೊಸ ಚರ್ಮ ಕದಲದಿರಲಿ ಅಂತ ಇದೇ ಮಿಶ್ರಣದ ಅಚ್ಚನ್ನು ಒತ್ತಿಟ್ಟರು. ಹೃದಯದ ರಕ್ತನಾಳಕ್ಕೆ ಅದೇ ಹೆಸರಿನ ಲೋಹದ ಜಾಲರಿ ಇಳಿದದ್ದು ತೀರಾ ಆಮೇಲೆ, 1986ರಲ್ಲಿ. ಹಿಡಿದಿಡೋದೇ ಅದರ ಕೆಲಸ, ಅಲ್ವಾ? ತೆಗೆಯೋದು ಎಲ್ಲಿಂದ ಬಂತು?

ಕುತ್ತಿಗೆಯ ವಿಷಯದಲ್ಲಿ ಈ ಗೊಂದಲ ಸುಮ್ನೆ ಬಿಡುವಂಥದ್ದಲ್ಲ. ನಮ್ಮ ಕಡೆ ಕವಳ (ಎಲೆ-ಅಡಿಕೆ), ತಂಬಾಕು ಹಾಕಿ ಬಾಯಿ ಕ್ಯಾನ್ಸರ್ ಆಗಿ, ರೇಡಿಯೇಷನ್ (ಜನರ ಬಾಯಲ್ಲಿ ‘ಕರೆಂಟ್’) ಕೊಡಿಸಿಕೊಂಡು ಗುಣವಾದವರಿದ್ದಾರೆ. ವರ್ಷಗಟ್ಟಲೆ ಕಳೆದ ಮೇಲೆ ಅವರ ಕೆರೋಟಿಡ್, ಅಂದರೆ ಮಿದುಳಿಗೆ ರಕ್ತ ಒಯ್ಯುವ ನಾಳ, ಗಡುಸಾಗಿ ಕಿರಿದಾಗಬಹುದು. ಮಾಮೂಲಿ ಬ್ಲಾಕ್ ನಾಳ ಕವಲೊಡೆಯುವಲ್ಲಿ ಜಾಸ್ತಿ. ರೇಡಿಯೇಷನ್ನಿಂದ ಆದದ್ದು ಉದ್ದಕ್ಕೂ ಹಬ್ಬಿರುತ್ತದೆ. ಕೊಯ್ದು ಬ್ಲಾಕನ್ನು ನಿಜವಾಗಿಯೂ ತೆಗೆಯುವ ಆಪರೇಷನ್ ಬೇರೆಯೇ ಇದೆ. ಆದರೆ ರೇಡಿಯೇಷನ್ ಆದ ಕುತ್ತಿಗೆಯಲ್ಲಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ನರಕ್ಕೆ (ಇಲ್ಲಿ ನಿಜವಾದ ನರವೇ) ಪೆಟ್ಟಾದೀತು, ಗಾಯ ಬೇಗ ಮಾಯದೇ ಹೋದೀತು. ಹಾಗಾಗಿ ಸ್ಟೆಂಟ್ ಕಡೆ ಒಲವು.

ಸ್ಟೆಂಟಿನಲ್ಲೂ ತೊಂದರೆ ಇಲ್ಲದಿಲ್ಲ. ಹಾಕುವಾಗ ಬ್ಲಾಕಿನ ಚೂರು ಕಳಚಿ ಮಿದುಳು ಸೇರಿದರೆ ಪಾರ್ಶ್ವವಾಯು. ಅದನ್ನು ತಡೆಯಲು ಪುಟ್ಟ ಫಿಲ್ಟರ್ ಬಳಸುತ್ತಾರೆ. ಬಿಪಿ, ನಾಡಿ ತಟ್ಟನೆ ಇಳಿಯಬಹುದು. ಇವೆಲ್ಲ ಆಸ್ಪತ್ರೆಯಲ್ಲೇ ಕಾಣುವಂಥವು. ಮನೆಗೆ ಬಂದ ಮೇಲೆ ಕಾಡುವುದು ರೀಸ್ಟೆನೋಸಿಸ್: ಹಾಕಿದ ಜಾಲರಿಯೊಳಗೇ ಹೊಸ ಅಂಗಾಂಶ ಬೆಳೆದು ದಾರಿ ಮತ್ತೆ ಕಿರಿದಾಗುವುದು. ರೇಡಿಯೇಷನ್ ಆದವರಲ್ಲಿ ಇದು ಉಳಿದವರಿಗಿಂತ ಜಾಸ್ತಿ. ಬಾವಿಗೆ ರಿಂಗ್ ಇಳಿಸಿದರೆ ಹೊರಗಿನ ಮಣ್ಣು ಗಟ್ಟಿಯಾಗುತ್ತದೆಯೇ? ನಾಳದ ಗೋಡೆಯೂ ಹಾಗೆಯೇ, ಮೊದಲಿನ ಕಾಯಿಲೆಯಲ್ಲೇ ಇರುತ್ತದೆ.

‘ಬ್ಲಾಕ್ ತೆಗೆದಾಯ್ತು’ ಅಂದುಕೊಂಡವರು, ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಡಾಪ್ಲರ್ ಸ್ಕ್ಯಾನಿಗೆ ಹೋಗುವುದಿಲ್ಲ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಯಾರು ಹೋಗುತ್ತಾರೆ ಅಂತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಯನ್ನೂ ತಾವೇ ನಿಲ್ಲಿಸುತ್ತಾರೆ. ಹಲ್ಲು ಕೀಳಿಸುವುದಿದ್ದರೂ ಸರಿ, ಸ್ಟೆಂಟ್ ಹಾಕಿದ ಡಾಕ್ಟರನ್ನು ಕೇಳದೆ ಆ ಗುಳಿಗೆ ಬಿಡಬೇಡಿ.