ಹಳೆಯ ವಾರಂಟ್ ತಾನಾಗಿಯೇ ಬಿದ್ದುಹೋಗುತ್ತದೆಯೇ?

ಪ್ರಶ್ನೆ: 2013ರಲ್ಲಿ ಹೊಲದ ಬದುವಿನ ಜಗಳಕ್ಕೆ ನಾಲ್ವರ ಮೇಲೆ ಕೇಸಾಗಿತ್ತು. ಸೋದರಮಾವ ತಮ್ಮ ಹೊಲದ ಉತಾರ ಕೊಟ್ಟು ನನಗೆ ಜಾಮೀನು ನಿಂತರು. ನಾನು ದುಡಿಯಲು ಗೋವಾಕ್ಕೆ ಹೋದೆ, ತಾರೀಕು ತಪ್ಪಿದವು. ಉಳಿದ ಮೂವರು ಖುಲಾಸೆಯಾದರು. ನನ್ನ ಮೇಲೆ ಮಾತ್ರ ವಾರಂಟ್ ಇದೆಯಂತೆ. ಇಷ್ಟು ವರ್ಷವಾದ ಮೇಲೂ ಅದು ಉಳಿದಿರುತ್ತದೆಯೇ?
– ಇಂಡಿ ತಾಲ್ಲೂಕಿನ ಓದುಗರು

ಉತ್ತರ: ಉಳಿದಿರುತ್ತದೆ. ಹೊರಡಿಸಿದ ನ್ಯಾಯಾಲಯ ರದ್ದು ಮಾಡುವವರೆಗೆ ಅಥವಾ ಪೊಲೀಸರು ಜಾರಿ ಮಾಡುವವರೆಗೆ ವಾರಂಟಿಗೆ ಜೀವವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 70(2)ನೇ ಕಲಂ ಹೇಳಿದ್ದೂ ಇದನ್ನೇ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72(2) ಹೇಳುವುದೂ ಇದನ್ನೇ. ನೀವು ಕಳುಹಿಸಿದ ಕಾಗದದ ಮಡಿಕೆ ಹರಿದಿದೆ, ಮೇಲೆ ಇನ್ನೂ ‘ಬಿಜಾಪುರ ಜಿಲ್ಲೆ’ ಎಂದೇ ಇದೆ. 2014ರಲ್ಲಿ ಜಿಲ್ಲೆಗೆ ವಿಜಯಪುರ ಎಂಬ ಹೆಸರು ಬಂದರೂ ಆ ಕಾಗದದ ಬಲ ಕುಂದಿಲ್ಲ.

ಸಂಗಡಿಗರ ಖುಲಾಸೆ ನಿಮಗೆ ತಾನಾಗಿ ಅನ್ವಯಿಸುವುದಿಲ್ಲ. ಒಬ್ಬ ಆರೋಪಿ ಬಾರದಿದ್ದರೆ ಅವನ ಕೇಸನ್ನು ಬೇರ್ಪಡಿಸಿ ಹೊಸ ಸಂಖ್ಯೆ ಕೊಡುತ್ತಾರೆ. ವರ್ಷಗಟ್ಟಲೆ ಸಿಗದಿದ್ದರೆ ಅದು ಎಲ್‌ಪಿಸಿ, ಅಂದರೆ ದೀರ್ಘಕಾಲ ಬಾಕಿ ಇರುವ ಪ್ರಕರಣಗಳ ಪಟ್ಟಿಗೆ ಸೇರುತ್ತದೆ. ಹಳೆಯ ನಂಬರು ಹಿಡಿದು ಹುಡುಕಿದವರು ‘ಕೇಸು ಮುಗಿದಿದೆ’ ಎಂದು ನೆಮ್ಮದಿಯಿಂದ ಮರಳುವುದು ಇದರಿಂದಲೇ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಹೆಸರಿನಿಂದಲೂ ಹುಡುಕಿ. ಆ ಮೂವರ ತೀರ್ಪಿನ ಪ್ರತಿಯನ್ನು ಮಾತ್ರ ತಪ್ಪದೆ ಪಡೆಯಿರಿ. ಸಾಕ್ಷ್ಯ ಒಂದೇ ಆಗಿದ್ದರೆ ನಿಮ್ಮ ವಕೀಲರಿಗೆ ಅದೇ ದೊಡ್ಡ ಆಸರೆ. ಅದರ ಆಧಾರದ ಮೇಲೆ ಕೇಸು ರದ್ದುಪಡಿಸಲು ಹೈಕೋರ್ಟಿನ ಕಲಬುರಗಿ ಪೀಠಕ್ಕೂ ಹೋಗಬಹುದು.

‘ಜಾಮೀನುರಹಿತ ವಾರಂಟ್’ ಎಂಬ ಮಾತಿಗೇ ಹೆದರಿ ಊರು ಬಿಟ್ಟವರಿದ್ದಾರೆ. ಠಾಣೆಯಲ್ಲಿ ಪೊಲೀಸರು ಬಿಡುವಂತಿಲ್ಲ ಎಂದಷ್ಟೇ ಅದರ ಅರ್ಥ. ನ್ಯಾಯಾಧೀಶರು ಜಾಮೀನು ಕೊಡಬಹುದು. ಆದ್ದರಿಂದ ಸಿಕ್ಕಿಬೀಳುವ ಮುನ್ನ ನೀವೇ ಹೋಗಿ. ಚುನಾವಣೆ ಬಂದಾಗ ಬಾಕಿ ವಾರಂಟುಗಳನ್ನು ಹುಡುಕಿ ಜಾರಿ ಮಾಡುತ್ತಾರೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಊರಿಗೆ ಬಂದವರ ಸುದ್ದಿ ಠಾಣೆ ಮುಟ್ಟುವುದಕ್ಕೂ ತಡವಾಗದು. ಬಂಧಿಸಿದರೆ 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಲೇಬೇಕು, ಆದರೆ ಹಿಡಿದು ತಂದವರ ಮಾತಿಗೂ ತಾವಾಗಿ ಬಂದವರ ಮಾತಿಗೂ ತೂಕ ಬೇರೆ.

ರಜೆ ಇಲ್ಲದ ದಿನ ಬೆಳಿಗ್ಗೆಯೇ ವಕೀಲರೊಂದಿಗೆ ಹಾಜರಾಗಿ, ವಾರಂಟ್ ಹಿಂಪಡೆಯುವಂತೆ ಅರ್ಜಿ ಹಾಕಿ. ಗೋವಾದ ಕೆಲಸದ ದಾಖಲೆ, ಆಸ್ಪತ್ರೆಯ ಚೀಟಿ, ಏನಿದ್ದರೂ ಜೊತೆಗಿರಲಿ. ದಂಡ ಹಾಕಬಹುದು, ಹೊಸ ಜಾಮೀನುದಾರರನ್ನು ಕೇಳಬಹುದು. ಕೆಲವು ದಿನ ಒಳಗಿರಬೇಕಾದ ಸಾಧ್ಯತೆಯನ್ನೂ ಮುಚ್ಚಿಡಲಾರೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ. ‘ಠಾಣೆಯಲ್ಲೇ ಮುಗಿಸಿಕೊಡುತ್ತೇನೆ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಾರಂಟ್ ರದ್ದು ಮಾಡುವ ಅಧಿಕಾರ ಠಾಣೆಗಿಲ್ಲ.

ನಿಮಗಿಂತ ನಿಮ್ಮ ಮಾವನ ಚಿಂತೆಯೇ ನನಗೆ ಹೆಚ್ಚಾಗಿದೆ. ನೀವು ಬಾರದಿದ್ದಾಗ ಬಾಂಡಿನ ಹಣ ಕಟ್ಟಿ ಎಂಬ ನೋಟಿಸು ಹೋಗುವುದು ಅವರಿಗೇ. ಬಂದಿದೆಯೇ ಎಂದು ಇವತ್ತೇ ಕೇಳಿ. ಬಂದಿದ್ದರೆ ಅದನ್ನೂ ಅರ್ಜಿಯ ದಿನ ತನ್ನಿ, ಮೊತ್ತ ಕಡಿಮೆ ಮಾಡುವಂತೆ ನ್ಯಾಯಾಲಯವನ್ನು ಕೋರಲು ಅವಕಾಶವಿದೆ.