ಅಮೆರಿಕದ ಶಾಲೆಗಳಲ್ಲಿ ಪ್ರಿನ್ಸಿಪಾಲ್ ಕುರ್ಚಿ ಯಾರದು? ಎಂ.ಎಡ್. ಓದುವವರಿಗೆ ಟಿಪ್ಪಣಿ

ಮೊದಲು ಪದದ ಗೊಂದಲ ಕಳೆಯೋಣ. ನಮ್ಮಲ್ಲಿ ಪ್ರಿನ್ಸಿಪಾಲ್ ಅಂದರೆ ಸಾಮಾನ್ಯವಾಗಿ ಕಾಲೇಜಿನವರು, ಸರ್ಕಾರಿ ಹೈಸ್ಕೂಲಿಗೆ ಎಚ್.ಎಂ. ಅಮೆರಿಕದಲ್ಲಿ ಪುಟ್ಟ ಮಕ್ಕಳ ಶಾಲೆಯಿಂದ ಹನ್ನೆರಡನೇ ತರಗತಿಯವರೆಗೆ ಶಾಲೆಯ ಮುಖ್ಯಸ್ಥರೆಲ್ಲ ಪ್ರಿನ್ಸಿಪಾಲರೇ. ಅಲ್ಲಿನ ಸಾರ್ವಜನಿಕ (ಸರ್ಕಾರಿ ಹಣದಲ್ಲಿ ನಡೆಯುವ) ಶಾಲೆಗಳಲ್ಲಿ ಇಂಥವರು ಸುಮಾರು 90,000 ಮಂದಿ ಇದ್ದಾರೆ.

ಇವರ ಲಿಂಗ, ಜನಾಂಗ, ಪದವಿ, ಅನುಭವದ ಅಂಕಿಗಳು ಬರುವುದು ಅಲ್ಲಿನ ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರದ ಸಮೀಕ್ಷೆಯಿಂದ. 1987-88ರಲ್ಲಿ ಆರಂಭವಾದ ಸಮೀಕ್ಷೆಯ ಜಾಗಕ್ಕೆ 2015-16ರಲ್ಲಿ ಹೊಸ ರೂಪದ ಸಮೀಕ್ಷೆ ಬಂತು. ಎರಡೂ ಮಾದರಿ ಸಮೀಕ್ಷೆಗಳೇ ಹೊರತು ಜನಗಣತಿಯಂತೆ ಎಲ್ಲರನ್ನೂ ಎಣಿಸಿದ್ದಲ್ಲ. ಹಾಗಾಗಿ ಒಂದು ಶೇಕಡಾ ಅಂಕದ ಏರಿಳಿತ ಕಂಡ ಕೂಡಲೇ 'ಬದಲಾವಣೆ' ಎಂದು ಬರೆಯಬೇಡಿ. ಪಕ್ಕದ ಪ್ರಮಾಣ ದೋಷದ (ಮಾದರಿಯಿಂದ ಅಂದಾಜಿನಲ್ಲಿ ಆಗಬಹುದಾದ ಏರುಪೇರಿನ) ಪಟ್ಟಿಯನ್ನು ನೋಡಿಯೇ ಬರೆಯಿರಿ.

ಎಲ್ಲರೂ ಉಲ್ಲೇಖಿಸುವ ಸಾಲು ಹೀಗಿದೆ: ಸಾರ್ವಜನಿಕ ಶಾಲೆಗಳ ಪ್ರಿನ್ಸಿಪಾಲರಲ್ಲಿ ಮಹಿಳೆಯರು 1987-88ರಲ್ಲಿ ಸುಮಾರು ಶೇ. 25, 1993-94ರಲ್ಲಿ ಶೇ. 35, 1999-2000ರಲ್ಲಿ ಶೇ. 44, 2011-12ರಲ್ಲಿ ಶೇ. 52, 2020-21ರಲ್ಲಿ ಶೇ. 56. ಇದನ್ನು ನೋಡಿದವರು 'ಮಹಿಳೆಯರು ಮೊದಲ ಬಾರಿಗೆ ಈ ಹುದ್ದೆಗೆ ಬಂದರು' ಎಂದು ಬರೆದುಬಿಡುತ್ತಾರೆ. ಉತ್ತರ ಪತ್ರಿಕೆಯಲ್ಲಿ ಆಗುವ ದೊಡ್ಡ ತಪ್ಪು ಇದೇ.

ಇನ್ನೂ ಹಿಂದಕ್ಕೆ ಹೋಗಿ. 1928ರಲ್ಲಿ ಪ್ರಾಥಮಿಕ ಶಾಲೆಗಳ ಪ್ರಿನ್ಸಿಪಾಲರಲ್ಲಿ ಶೇ. 55 ಮಹಿಳೆಯರೇ. 1968ರ ಹೊತ್ತಿಗೆ ಅದು ಶೇ. 22ಕ್ಕೆ ಕುಸಿದಿತ್ತು. ಷಿಕಾಗೊದಂಥ ಮಹಾನಗರದ ಇಡೀ ಶಾಲಾ ವ್ಯವಸ್ಥೆಯ ಸೂಪರಿಂಟೆಂಡೆಂಟ್ ಆಗಿ ಎಲಾ ಫ್ಲ್ಯಾಗ್ ಯಂಗ್ ಎಂಬ ಮಹಿಳೆ ಅಧಿಕಾರ ವಹಿಸಿಕೊಂಡದ್ದು 1909ರಲ್ಲೇ. ಇದ್ದ ಜಾಗ ಕೈತಪ್ಪಿ ಮತ್ತೆ ದಕ್ಕಿತು ಎನ್ನುವುದು ಸರಿಯಾದ ಓದು. ಸಮೀಕ್ಷೆ ಶುರುವಾದ ವರ್ಷವನ್ನೇ ಇತಿಹಾಸದ ಆರಂಭ ಅಂದುಕೊಂಡರೆ ಈ ಅರ್ಧಭಾಗ ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ ಒಂದು ಎಚ್ಚರ: 1928, 1968ರ ಅಂಕಿಗಳು ಪ್ರಾಥಮಿಕ ಶಾಲೆಗಳಿಗೆ ಮಾತ್ರ ಸೇರಿದವು, 1987-88ರ ನಂತರದವು ಎಲ್ಲ ಹಂತಗಳನ್ನೂ ಒಟ್ಟುಗೂಡಿಸಿದವು. ಎರಡನ್ನೂ ಒಂದೇ ಗೆರೆಯಾಗಿ ಗ್ರಾಫಿನಲ್ಲಿ ಎಳೆಯಬಾರದು.

ಕುಸಿತಕ್ಕೆ ಕಾರಣ ಒಂದಲ್ಲ. ಸಣ್ಣ ಶಾಲೆಗಳನ್ನು ದೊಡ್ಡವುಗಳೊಂದಿಗೆ ವಿಲೀನ ಮಾಡಿದರು: ಏಕೋಪಾಧ್ಯಾಯ ಶಾಲೆಗಳು 1929-30ರಲ್ಲಿ ಸುಮಾರು 1,49,000 ಇದ್ದವು, 1970-71ಕ್ಕೆ ಉಳಿದದ್ದು ಸುಮಾರು 1,800. ಶಾಲಾ ಜಿಲ್ಲೆಗಳು (ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕಗಳು) 1939-40ರಲ್ಲಿದ್ದ 1,17,000ದಿಂದ 18,000ಕ್ಕೆ ಇಳಿದವು. ಶಾಲೆ ದೊಡ್ಡದಾದಂತೆ ಪಾಠ ಮಾಡುತ್ತಲೇ ಶಾಲೆ ನೋಡಿಕೊಳ್ಳುವ ಮುಖ್ಯಶಿಕ್ಷಕಿಯ ಜಾಗಕ್ಕೆ ಪೂರ್ಣಕಾಲಿಕ ಆಡಳಿತಗಾರ ಬಂದ. ಆಡಳಿತದ ಸ್ನಾತಕೋತ್ತರ ಪದವಿ ಬೇಕೆಂಬ ನಿಯಮವೂ ಬಂತು. ಯುದ್ಧದಿಂದ ಮರಳಿದ ಗಂಡಸರಿಗೆ 1944ರ ಸೈನಿಕ ಪುನರ್ವಸತಿ ಕಾಯ್ದೆ ಕಾಲೇಜು ಖರ್ಚು ಕೊಟ್ಟಿತ್ತು, ಹೀಗಾಗಿ ಆ ಪದವಿ ಅವರ ಕೈಗೆ ಬೇಗ ಎಟುಕಿತು. ಮದುವೆಯಾದ ಶಿಕ್ಷಕಿಯರನ್ನು ಕೆಲಸದಿಂದ ಬಿಡಿಸುವ ಪದ್ಧತಿ ಅನೇಕ ಊರುಗಳಲ್ಲಿತ್ತು. ಸೇವಾವಧಿಯೇ ತುಂಡಾದ ಮೇಲೆ ಬಡ್ತಿಯ ಮಾತೆಲ್ಲಿ? ಏರಿಕೆಯ ಕಾಲಕ್ಕೆ ಬಂದರೆ, 1972ರ ಎರಡು ಕಾನೂನುಗಳನ್ನು ನೆನಪಿಡಿ. ಕೇಂದ್ರದ ಹಣ ಪಡೆಯುವ ಸಂಸ್ಥೆಗಳಲ್ಲಿ ಸ್ನಾತಕೋತ್ತರ ಪ್ರವೇಶದ ಲಿಂಗ ತಾರತಮ್ಯವನ್ನು ಒಂದು ನಿಷೇಧಿಸಿತು. ಇನ್ನೊಂದು, ಉದ್ಯೋಗದ ಸಮಾನ ಅವಕಾಶವನ್ನು ಸಾರ್ವಜನಿಕ ಶಾಲೆಗಳಿಗೂ ವಿಸ್ತರಿಸಿತು.

ಜನಾಂಗದ ಲೆಕ್ಕದಲ್ಲೂ ಇದೇ ಪಾಠವಿದೆ, ಅದು ಇನ್ನೂ ನೋವಿನದು. ಅಮೆರಿಕದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪು ವರ್ಣಭೇದದ ಶಾಲೆಗಳನ್ನು ಅಸಾಂವಿಧಾನಿಕ ಎಂದಿತು. ದಕ್ಷಿಣದಲ್ಲಿ ವಿಲೀನ ನಡೆದಾಗ ಬಹಳ ಕಡೆ ಮುಚ್ಚಿದ್ದು ಕಪ್ಪು ಮಕ್ಕಳ ಶಾಲೆಯನ್ನು, ಹುದ್ದೆ ಉಳಿದದ್ದು ಬಿಳಿಯ ಪ್ರಿನ್ಸಿಪಾಲರಿಗೆ. 1954ರಿಂದ 1965ರವರೆಗೆ 17 ರಾಜ್ಯಗಳಲ್ಲಿ ಸುಮಾರು 38,000 ಕಪ್ಪು ಶಿಕ್ಷಕರು ಮತ್ತು ಆಡಳಿತಗಾರರು ಕೆಲಸ ಕಳೆದುಕೊಂಡರು. ನ್ಯಾಯದ ತೀರ್ಪನ್ನು ಜಾರಿಗೊಳಿಸಿದ ರೀತಿಯೇ ಅನ್ಯಾಯವಾಯಿತು. ಇತ್ತೀಚಿನ ಅಂಕಿ: 1999-2000ರಿಂದ 2020-21ರ ನಡುವೆ ಪ್ರಿನ್ಸಿಪಾಲರಲ್ಲಿ ಬಿಳಿಯರು ಶೇ. 82ರಿಂದ 77ಕ್ಕೆ ಇಳಿದರು, ಹಿಸ್ಪಾನಿಕರು (ಸ್ಪ್ಯಾನಿಷ್ ಭಾಷಿಕ ಮೂಲದವರು) ಶೇ. 5ರಿಂದ 9ಕ್ಕೆ ಏರಿದರು, ಕಪ್ಪು ಪ್ರಿನ್ಸಿಪಾಲರು ಶೇ. 10–11ರ ಆಸುಪಾಸಿನಲ್ಲೇ ನಿಂತರು. ಅದೇ ಶಾಲೆಗಳ ಮಕ್ಕಳಲ್ಲಿ 2020ರಲ್ಲಿ ಬಿಳಿಯರು ಶೇ. 46 ಮಾತ್ರ.

ಲೆಕ್ಕ ಮಾಡುವ ಬಗೆ

ಶೇ. 56 ಎಂಬುದು ಹೆಚ್ಚೋ ಕಡಿಮೆಯೋ? ಯಾವುದಕ್ಕೆ ಹೋಲಿಸುತ್ತೀರಿ ಎನ್ನುವುದರ ಮೇಲೆ ಉತ್ತರ ನಿಂತಿದೆ. ಪ್ರಿನ್ಸಿಪಾಲರು ಶಿಕ್ಷಕರೊಳಗಿಂದಲೇ ಬರುವುದರಿಂದ ಶಿಕ್ಷಕರ ಪಾಲಿಗೆ ಹೋಲಿಸಿ. 2020-21ರಲ್ಲಿ ಶಿಕ್ಷಕರಲ್ಲಿ ಶೇ. 77 ಮಹಿಳೆಯರು. 56 ÷ 77 = 0.73. ಗಂಡಸರದ್ದು 44 ÷ 23 = 1.91. ಒಂದಕ್ಕಿಂತ ಕಡಿಮೆ ಬಂದರೆ ಪ್ರಾತಿನಿಧ್ಯ ಕೊರತೆ, ಹೆಚ್ಚು ಬಂದರೆ ಅಧಿಕ. ಅಂದರೆ ಮಹಿಳೆಯರು ಅರ್ಧ ದಾಟಿದ ಮೇಲೂ ತಮ್ಮ ಪಾಲಿಗಿಂತ ಹಿಂದಿದ್ದಾರೆ.

ಒಟ್ಟು ಸರಾಸರಿ ಇನ್ನೊಂದನ್ನು ಮುಚ್ಚಿಡುತ್ತದೆ. 2017-18ರಲ್ಲಿ ಪ್ರಾಥಮಿಕ ಹಂತದ ಪ್ರಿನ್ಸಿಪಾಲರಲ್ಲಿ ಸುಮಾರು ಮೂರನೇ ಎರಡು ಭಾಗ ಮಹಿಳೆಯರು, ಹೈಸ್ಕೂಲಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ. ಪ್ರೌಢ ಹಂತದ ಶಿಕ್ಷಕರಲ್ಲಿ ಮಹಿಳೆಯರು ಆಗ ಶೇ. 64 ಇದ್ದರು. ಹಂತವಾರು ಬಿಡಿಸದೆ ಬರೆದ ಉತ್ತರ ಅರ್ಧ ಉತ್ತರ.

ಅಂಕಿ ಏಕೆ ನಿಧಾನ ಚಲಿಸುತ್ತದೆ? 2015-16ರಲ್ಲಿ ಪ್ರಿನ್ಸಿಪಾಲರಾಗಿದ್ದವರಲ್ಲಿ ಮರುವರ್ಷದ ಹೊತ್ತಿಗೆ ವೃತ್ತಿಯಿಂದಲೇ ಹೊರಹೋದವರು ಸುಮಾರು ಶೇ. 10. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ: ಈಗಿನ ಪಾಲು ಶೇ. 54, ಹೊಸದಾಗಿ ಬರುವ ಹತ್ತರಲ್ಲಿ ಆರು ಮಹಿಳೆಯರು, ಹೊರಹೋಗುವವರಲ್ಲಿ ಅವರ ಪಾಲು ಮೊದಲಿನಷ್ಟೇ. ಮರುವರ್ಷದ ಪಾಲು (0.9 × 54) + (0.1 × 60) = 54.6. ನೇಮಕದಲ್ಲಿ ಆರು ಅಂಕದ ಅಂತರವಿದ್ದರೂ ಒಟ್ಟು ಅಂಕಿ ಅರ್ಧ ಅಂಕದಷ್ಟು ಮಾತ್ರ ಸರಿಯುತ್ತದೆ. ನೀತಿಯ ಪರಿಣಾಮ ಬೇಗ ತಿಳಿಯಬೇಕಾದರೆ ಮೊದಲ ಮೂರು ವರ್ಷದೊಳಗಿನ ಹೊಸಬರನ್ನು ಬೇರೆಯಾಗಿ ಎಣಿಸಿ.

ಪ್ರಿನ್ಸಿಪಾಲರ ಹಿನ್ನೆಲೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಹುತೇಕ ರಾಜ್ಯಗಳಲ್ಲಿ ಕೆಲವು ವರ್ಷದ ಬೋಧನೆ, ಸ್ನಾತಕೋತ್ತರ ಪದವಿ, ಆಡಳಿತದ ಪರವಾನಗಿ ಬೇಕು. ಬಹುಪಾಲು ಮಂದಿ ಸಹಾಯಕ ಪ್ರಿನ್ಸಿಪಾಲ್ ಮೆಟ್ಟಿಲು ದಾಟಿ ಬಂದವರು. ಸಮೀಕ್ಷೆಯಲ್ಲಿ ಕ್ರೀಡಾ ತರಬೇತುದಾರರಾಗಿದ್ದಿರಾ ಎಂಬ ಪ್ರಶ್ನೆಯೂ ಇರುತ್ತಿತ್ತು. ಅದನ್ನು ಕಡೆಗಣಿಸಬೇಡಿ, ಹೈಸ್ಕೂಲಿನಲ್ಲಿ ಗಂಡಸರ ಪಾಲು ಯಾಕೆ ಹೆಚ್ಚು ಎಂಬುದಕ್ಕೆ ಅಲ್ಲೊಂದು ಎಳೆ ಸಿಗುತ್ತದೆ.

ಇದೇ ಪ್ರಶ್ನೆಯನ್ನು ನಮ್ಮ ಜಿಲ್ಲೆಗೆ ಹಾಕುವವರು

ಅಮೆರಿಕದ ಲೆಕ್ಕದ ಬಗೆಯನ್ನು ಹಾಗೇ ನಕಲು ಮಾಡಿದರೆ ಕೆಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1ರಿಂದ 5ರವರೆಗಿನ ಶಾಲೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ, 6ರಿಂದ 8ಕ್ಕೆ 100ಕ್ಕಿಂತ ಹೆಚ್ಚಿದ್ದರೆ ಪೂರ್ಣಕಾಲಿಕ ಮುಖ್ಯ ಶಿಕ್ಷಕರು ಬೇಕು. ಅದಕ್ಕಿಂತ ಸಣ್ಣ ಶಾಲೆಗಳಲ್ಲಿ ಹಿರಿಯ ಶಿಕ್ಷಕರೋ ಶಿಕ್ಷಕಿಯೋ ಪ್ರಭಾರ ನೋಡಿಕೊಳ್ಳುತ್ತಾರೆ. ಆದ್ದರಿಂದ ಮಂಜೂರಾದ ಹುದ್ದೆ, ಭರ್ತಿಯಾದದ್ದು, ಪ್ರಭಾರದಲ್ಲಿರುವುದು ಎಂದು ಮೂರು ಕಾಲಂ ಮಾಡಿ, ಪ್ರತಿಯೊಂದರಲ್ಲೂ ಮಹಿಳೆಯರನ್ನು ಬೇರೆ ಎಣಿಸಿ. ಬಡ್ತಿ ಜ್ಯೇಷ್ಠತಾ ಪಟ್ಟಿಯಿಂದ ಆಗುವ ಕಡೆ ಇಂದಿನ ಶಿಕ್ಷಕಿಯರ ಪಾಲಿಗೆ ಹೋಲಿಸಿ ಪ್ರಯೋಜನವಿಲ್ಲ. ಈಗ ಬಡ್ತಿಯ ಸರದಿಯಲ್ಲಿರುವವರು ಯಾವ ವರ್ಷ ನೇಮಕವಾದರೋ ಆ ತಂಡದಲ್ಲಿ ಮಹಿಳೆಯರೆಷ್ಟಿದ್ದರು ಎಂಬುದೇ ಛೇದ. ಪ್ರಭಾರದಲ್ಲಿರುವವರನ್ನು ಪೂರ್ಣ ಹುದ್ದೆಯವರೊಂದಿಗೆ ಕೂಡಿಸಿದರೆ, ಹುದ್ದೆಯ ವೇತನ ಶ್ರೇಣಿ ಸಿಗದೆ ಹೊಣೆ ಮಾತ್ರ ಹೊತ್ತವರು ನಿಮ್ಮ ಪಟ್ಟಿಯಲ್ಲಿ 'ಬಡ್ತಿ ಪಡೆದವರು' ಆಗಿಬಿಡುತ್ತಾರೆ.