ಕಪ್ಪು-ಬಿಳುಪು ಚುಕ್ಕಿಗಳ ಹಿಂದಿನ ಗೋಜಲು

ಆಂಟೆನಾ ಟಿವಿ ಕಂಡವರಿಗೆ ಆ ಚಿತ್ರ ನೆನಪಿರುತ್ತದೆ. ಪ್ರಸಾರ ನಿಂತ ಮೇಲೆ ಪರದೆ ತುಂಬ ಇರುವೆ ಮುತ್ತಿದ ಹಾಗೆ ಕಪ್ಪು-ಬಿಳುಪು ಚುಕ್ಕಿಗಳು. ಅಂಥದ್ದೊಂದು ಚಿತ್ರವನ್ನು ಕಂಪ್ಯೂಟರಿಗೆ ಆಜ್ಞೆ ಟೈಪಿಸುವ ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಕಮಾಂಡ್ ಕೊಟ್ಟು ಮಾಡುತ್ತೇನೆಂದು ಹೊರಟವರಿಗೆ ಹತ್ತು ಜನ ಹತ್ತು ದಾರಿ ಹೇಳುತ್ತಾರೆ. ಹತ್ತರಲ್ಲೂ ಚುಕ್ಕಿ ಬರುತ್ತದೆ. ಪ್ರತಿ ಚುಕ್ಕಿಗೂ ನಾಣ್ಯ ಚಿಮ್ಮಿದಂತೆ ಬರುವುದು ಮಾತ್ರ ಕೆಲವದರಲ್ಲಿ.

ಯಾದೃಚ್ಛಿಕ, ಅಂದರೆ ಮುಂದಿನದನ್ನು ಊಹಿಸಲಾಗದ, ಸಂಖ್ಯೆಗಳಿಗಾಗಿ ಪರದಾಟ ಹಳೆಯದು. 1955ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆಯಾದ ರ‍್ಯಾಂಡ್ ಕಾರ್ಪೊರೇಷನ್ ಹತ್ತು ಲಕ್ಷ ಅಂಕಿಗಳನ್ನು ಪುಸ್ತಕವಾಗಿಯೇ ಅಚ್ಚು ಹಾಕಿತು. 1950ರ ದಶಕದಲ್ಲೇ ಕಂಪ್ಯೂಟರುಗಳು ಗುಣಾಕಾರದಿಂದ ಅಂಕಿ ಹುಟ್ಟಿಸತೊಡಗಿದ್ದವು. 1998ರಲ್ಲಿ ಅಂಕಿ ಹುಟ್ಟಿಸುವ ಮರ್ಸೆನ್ ಟ್ವಿಸ್ಟರ್ ಎಂಬ ಹೊಸ ವಿಧಾನ ಪ್ರಕಟವಾಯಿತು. ಚುಕ್ಕಿ ಚಿತ್ರಗಳೂ ಜೊತೆಯಲ್ಲೇ ಬಂದವು. 1960ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಬೇಲಾ ಯೂಲೆಸ್ ಎರಡು ಚುಕ್ಕಿ ಚಿತ್ರಗಳಲ್ಲಿ ಒಂದರ ನಡುಭಾಗವನ್ನು ತುಸು ಪಕ್ಕಕ್ಕೆ ಸರಿಸಿ, ಒಂದೊಂದು ಕಣ್ಣಿಗೆ ಒಂದೊಂದು ತೋರಿಸಿದರು. ಬಿಡಿಯಾಗಿ ನೋಡಿದರೆ ಬರೀ ಚುಕ್ಕಿ. ಎರಡೂ ಕಣ್ಣಿಂದ ನೋಡಿದರೆ ನಡುವಿನ ಚೌಕ ಮುಂದೆ ತೇಲುತ್ತದೆ. 1994ರಲ್ಲಿ ಗೂಢಲಿಪಿ ತಜ್ಞರಾದ ನವೋರ್ ಮತ್ತು ಶಮೀರ್ ಗುಟ್ಟಿನ ಸಂದೇಶವನ್ನು ಎರಡು ಚುಕ್ಕಿ ಹಾಳೆಗಳಾಗಿ ಒಡೆದು, ಒಂದರ ಮೇಲೊಂದಿಟ್ಟರೆ ಮಾತ್ರ ಓದಲು ಬರುವಂತೆ ಮಾಡಿದರು. ಅಲ್ಲಿ ಚುಕ್ಕಿ ನಿಜಕ್ಕೂ ಯಾದೃಚ್ಛಿಕವಾಗಿರದಿದ್ದರೆ ಗುಟ್ಟು ಗುಟ್ಟಾಗಿ ಉಳಿಯುವ ಖಾತ್ರಿಯೇ ಇಲ್ಲ.

ಹಳೆಯ ಗುಣಾಕಾರದ ವಿಧಾನದಲ್ಲಿ ಒಂದು ಹಳ್ಳವಿತ್ತು. ಸಂಖ್ಯೆಯನ್ನು ಬೆಸ ಅಂಕಿಯಿಂದ ಗುಣಿಸಿ, ಇನ್ನೊಂದು ಬೆಸ ಅಂಕಿ ಕೂಡಿಸಿ, ಕೊನೆಯ 32 ಬಿಟ್ (0 ಅಥವಾ 1ರ ಅಂಕಿ) ಇಟ್ಟುಕೊಳ್ಳುತ್ತೀರಿ ಎನ್ನಿ. ಫಲ ಒಮ್ಮೆ ಸಮ, ಒಮ್ಮೆ ಬೆಸ, ಮತ್ತೆ ಸಮ, ತಪ್ಪದೆ ಹೀಗೇ. ಸಮಕ್ಕೆ ಬಿಳಿ, ಬೆಸಕ್ಕೆ ಕಪ್ಪು ಎಂದು 256 ಚುಕ್ಕಿ ಅಗಲದ ಚಿತ್ರ ತುಂಬಿದರೆ ಬರುವುದು ಲುಂಗಿಯ ಮೇಲಿನಂಥ ಉದ್ದುದ್ದ ಪಟ್ಟೆ. ಅಗಲವನ್ನು 255 ಮಾಡಿದರೆ ಚದುರಂಗದ ಮಣೆ! 1960ರ ದಶಕದಲ್ಲಿ ಬಹಳ ಬಳಕೆಯಲ್ಲಿದ್ದ ರ‍್ಯಾಂಡು ಎಂಬ ವಿಧಾನದಲ್ಲಂತೂ ಕೂಡಿಸುವ ಹಂತವೇ ಇಲ್ಲ. ಬೆಸ ಸಂಖ್ಯೆಯಿಂದ ಶುರುವಾದರೆ ಕೊನೆವರೆಗೂ ಬೆಸವೇ, ಚಿತ್ರ ಪೂರ್ತಿ ಕಪ್ಪು.

ಈಗಿನ ಗೋಜಲಿನ ಬಹುಪಾಲು ಇಮೇಜ್‌ಮ್ಯಾಜಿಕ್‌ನ ಸುತ್ತ ಇದೆ. ಡ್ಯುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಬರೆಯಲು ತೊಡಗಿ 1990ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಈ ಸಾಧನ ಮಾಡದ ಚಿತ್ರ ಕೆಲಸವಿಲ್ಲ. ಖಾಲಿ ಹಾಳೆ ಕೊಟ್ಟು 'ನಾಯ್ಸ್ ರ‍್ಯಾಂಡಮ್' ಎಂದರೆ ಹಾಳೆ ತುಂಬುತ್ತದೆ, ಆದರೆ ಬಣ್ಣಬಣ್ಣದ ಚುಕ್ಕಿಗಳಿಂದ. ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆಬೇರೆ ಅಂಕಿ ಬಿದ್ದಿರುತ್ತದಲ್ಲ! ಅದನ್ನು ಕಪ್ಪು-ಬಿಳುಪಿಗೆ ಇಳಿಸುವಲ್ಲೇ ದಾರಿಗಳು ಕವಲೊಡೆಯುವುದು.

ಹೆಸರು ನೋಡಿ ಹೆಚ್ಚಿನವರು ಕೈಹಾಕುವುದು 'ಮಾನೊಕ್ರೋಮ್'ಗೆ. ಅದು ಸಾಮಾನ್ಯ ಫೋಟೊಗಾಗಿ ಮಾಡಿದ್ದು. ಒಂದು ಚುಕ್ಕಿಯನ್ನು ಕಪ್ಪು ಮಾಡಿದಾಗ ಉಂಟಾದ ವ್ಯತ್ಯಾಸವನ್ನು ಪಕ್ಕದ ಚುಕ್ಕಿಗಳಿಗೆ ಹಂಚುತ್ತದೆ. ಡಿದರಿಂಗ್ ಎನ್ನುವುದು ಇದಕ್ಕೇ. ಫೋಟೊಗೆ ಅದರಿಂದ ಚಂದ. ನಮ್ಮ ಕೆಲಸಕ್ಕೆ ಮಾತ್ರ ಕೇಡು, ಏಕೆಂದರೆ ಒಂದು ಚುಕ್ಕಿಯ ಬಣ್ಣ ಈಗ ಪಕ್ಕದ್ದನ್ನು ನೋಡಿ ನಿರ್ಧಾರವಾಗುತ್ತಿದೆ.

ಮೊದಲು ಬೂದು ಬಣ್ಣಕ್ಕೆ ತಂದು ಆಮೇಲೆ 'ಥ್ರೆಶೋಲ್ಡ್' (ಇದಕ್ಕಿಂತ ಕಡಿಮೆಯಿದ್ದರೆ ಕಪ್ಪು, ಹೆಚ್ಚಿದ್ದರೆ ಬಿಳಿ ಎಂಬ ಗಡಿ) ಕೊಡುವವರು ಇನ್ನು ಕೆಲವರು. ಅರ್ಧಕ್ಕೆ ಕತ್ತರಿಸಿದರೆ ಸರಿಯೇ ಬರುತ್ತದೆ. ಶೇ 10ರಷ್ಟು ಕಪ್ಪು ಬೇಕೆಂದು 10% ಕೊಟ್ಟಾಗ ಎಡವಟ್ಟು. ಮೂರು ಬಣ್ಣ ಬೆರೆತಾಗ ಅಂಕಿಗಳು ನಡುವಿಗೆ ಗುಂಪಾಗುತ್ತವೆ, ಅಂಚಿನಲ್ಲಿ ಉಳಿಯುವುದು ಅತಿ ಕಡಿಮೆ. ಲೆಕ್ಕ ಹಾಕಿದರೆ ಸಿಗುವ ಕಪ್ಪು ನೂರಕ್ಕೆ ಸುಮಾರು ಒಂದೂವರೆ ಅಷ್ಟೆ. ಹಸಿರು ಪದರ ಒಂದನ್ನೇ ಬೇರ್ಪಡಿಸಿ ಅದಕ್ಕೆ ಥ್ರೆಶೋಲ್ಡ್ ಕೊಟ್ಟರೆ 10% ಎಂದರೆ ಹತ್ತೇ. ಹೊಸಬರಿಗೆ ಮೊದಲು ಹೇಳಿಕೊಡಬೇಕಾದದ್ದು ಈ ದಾರಿ.

ಇದರ ಮೇಲೆ ಹೆಸರಿನ ತೊಡಕು ಬೇರೆ. ದಶಕಗಳಿಂದ ಕೆಲಸದ ಆಜ್ಞೆ 'ಕನ್ವರ್ಟ್'. ವಿಂಡೋಸ್‌ನಲ್ಲಿ ಅದೇ ಹೆಸರಿನ ಆಜ್ಞೆ ಡಿಸ್ಕಿನ ಫೈಲ್ ವ್ಯವಸ್ಥೆ ಬದಲಿಸಲು ಮೊದಲೇ ಇತ್ತು. 2016ರಲ್ಲಿ ಬಂದ ಏಳನೇ ಆವೃತ್ತಿ 'ಮ್ಯಾಜಿಕ್' ಎಂಬ ಆಜ್ಞೆಯನ್ನು ಮುಂದಿಟ್ಟಿತು. ಈಗ ಹಳೆಯದನ್ನು ಬಳಸಿದರೆ ಎಚ್ಚರಿಕೆ ಸಾಲು ಮೂಡುತ್ತದೆ. ಬದಲಾವಣೆಗೆ ಕಾರಣವಿತ್ತು. ಆದರೂ ಹಿಂದೆ ಬರೆದಿಟ್ಟ ಸ್ಕ್ರಿಪ್ಟುಗಳನ್ನೆಲ್ಲ ತಡಕುತ್ತಾ ಕೂರಬೇಕಾದದ್ದು ಬಳಕೆದಾರರೇ.

ನನಗೆ ಹಿಡಿಸಿದ ದಾರಿಯಲ್ಲಿ ಚಿತ್ರದ ಸಾಧನವೇ ಬೇಡ. 1980ರ ದಶಕದಲ್ಲಿ ಜೆಫ್ ಪಾಸ್ಕಾಂಜರ್ ಚಿತ್ರವನ್ನು ಇಮೇಲ್‌ನಲ್ಲಿ ಬರೀ ಅಕ್ಷರಗಳಾಗಿ ಕಳಿಸಲೆಂದು ಪಿಬಿಎಂ ಎಂಬ ಸರಳ ನಮೂನೆ ರೂಪಿಸಿದರು. ಅದರ ಬೈನರಿ ರೂಪದಲ್ಲಿ ಒಂದು ಚುಕ್ಕಿಗೆ ಒಂದು ಬಿಟ್: 1 ಕಪ್ಪು, 0 ಬಿಳಿ. ಮೊದಲ ಸಾಲಿನಲ್ಲಿ ಈ ರೂಪದ ಗುರುತಾದ 'ಪಿ4', ಎರಡನೆಯದರಲ್ಲಿ ಅಗಲ-ಎತ್ತರ 256 256, ಅದರ ಬೆನ್ನಿಗೆ ಯಾದೃಚ್ಛಿಕ ಬೈಟು ಒದಗಿಸುವ ಲಿನಕ್ಸ್‌ನ 'ಯುರ‍್ಯಾಂಡಮ್'ನಿಂದ 8192 ಬೈಟ್ ಸುರಿದರೆ ಚಿತ್ರ ಸಿದ್ಧ. ನಡುವೆ ಬಣ್ಣವಿಲ್ಲ, ಹಂಚಿಕೆಯಿಲ್ಲ, ಊಹೆಯಿಲ್ಲ. ಕೊರತೆ ಒಂದೇ: ಅದೇ ಚಿತ್ರ ನಾಳೆ ಮತ್ತೆ ಹುಟ್ಟುವುದಿಲ್ಲ. ಪ್ರಯೋಗ ಮಾಡುವವರಿಗೆ ಅದೇ ಚಿತ್ರ ಮತ್ತೆ ಬೇಕಿದ್ದರೆ ಇಮೇಜ್‌ಮ್ಯಾಜಿಕ್‌ನ 'ಸೀಡ್'ಗೆ ಶುರುವಿನ ಸಂಖ್ಯೆಯೊಂದನ್ನು ಕೊಟ್ಟು, ಆ ಸಂಖ್ಯೆಯನ್ನೂ ಆವೃತ್ತಿಯನ್ನೂ ಚಿತ್ರದ ಜೊತೆಗೇ ಬರೆದಿಡಬೇಕು.

ಬಂದ ಚಿತ್ರದ ಮೇಲೆ ಅನುಮಾನವಿದ್ದರೆ ಪಿಬಿಎಂ ಫೈಲನ್ನು, ಮರುಕಳಿಸುವ ಕ್ರಮ ಹುಡುಕಿ ಫೈಲು ಕುಗ್ಗಿಸುವ ಜಿಜಿಪ್‌ಗೆ ಕೊಟ್ಟು ನೋಡಿ. ಪಟ್ಟೆಪಟ್ಟೆ ಚಿತ್ರ ನೂರು ಬೈಟಿಗೂ ಕೆಳಗೆ ಕುಗ್ಗುತ್ತದೆ. ಯುರ‍್ಯಾಂಡಮ್‌ನಿಂದ ಬಂದ (ಮೊದಲೆರಡು ಸಾಲೂ ಸೇರಿ) 8203 ಬೈಟಿನ ಫೈಲು ಕುಗ್ಗುವ ಬದಲು ಕೆಲವು ಬೈಟು ದೊಡ್ಡದೇ ಆಗಿ ಹೊರಬರುತ್ತದೆ.